ನಗಾರಿ ಯಾರ ಮಾತು ಕೇಳುತ್ತದೆ

ಚೀನಾದ ಹಬ್ಬವೊಂದರಿಂದ ಬಂದ ಡ್ರ್ಯಾಗನ್ ದೋಣಿಯ ಪಂದ್ಯವನ್ನು ಮೊದಲ ಸಲ ದಡದಲ್ಲಿ ನಿಂತು ನೋಡಿದವರು ಸಾಮಾನ್ಯವಾಗಿ ಒಂದು ತಪ್ಪು ತಿಳಿವಳಿಕೆಯನ್ನು ಹೊತ್ತು ಮನೆಗೆ ಮರಳುತ್ತಾರೆ. ದೋಣಿಯ ಮೂತಿಯ ಬಳಿ ಎತ್ತರದ ಪೀಠದಲ್ಲಿ ಕುಳಿತು ನಗಾರಿ ಬಾರಿಸುವ ವ್ಯಕ್ತಿಯೇ ತಾಳ ಹಾಕಿಕೊಡುತ್ತಾನೆ, ಎದುರಿಗೆ ಕುಳಿತ 20 ಜನ ಆ ಪೆಟ್ಟಿಗೆ ತಕ್ಕಂತೆ ಹುಟ್ಟು ಹಾಕುತ್ತಾರೆ ಎಂಬುದೇ ಆ ತಿಳಿವಳಿಕೆ. ನಾನೂ ಹಾಗೆಯೇ ನಂಬಿದ್ದೆ. ಬರ್ಲಿನ್ನಿನ ಆಗ್ನೇಯ ಅಂಚಿನಲ್ಲಿ, ಡಾಮೆ ನದಿ ಕೆರೆಯಂತೆ ಹರಡಿಕೊಂಡಿರುವ ಗ್ರ್ಯೂನೌ ಬಳಿಯ ಒಂದು ಸಣ್ಣ ಕ್ಲಬ್ಬಿಗೆ ಸೇರಿದ ಮೊದಲ ದಿನವೇ ತರಬೇತುದಾರ ಆ ನಂಬಿಕೆಯನ್ನು ಕಿತ್ತುಹಾಕಿದ. "ನಗಾರಿ ಕೇಳಬೇಡ, ಎದುರಿನವರ ಭುಜ ನೋಡು" ಎಂದ. ಅಂದು ನಮ್ಮ ದೋಣಿಯಲ್ಲಿ ನಗಾರಿಯೇ ಇರಲಿಲ್ಲವೆಂಬುದನ್ನು ನಾನು ಗಮನಿಸಿದ್ದು ಆ ಮೇಲೆ.

ದೋಣಿಯ ರಚನೆಯನ್ನು ಸ್ವಲ್ಪ ಹೇಳಿದರೆ ಆ ಮಾತಿನ ಅರ್ಥ ಬಿಚ್ಚಿಕೊಳ್ಳುತ್ತದೆ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಬಳಸುವ ದೊಡ್ಡ ದೋಣಿ ಸುಮಾರು 12.5 ಮೀಟರ್ ಉದ್ದ, ಒಂದು ಮೀಟರಿಗಿಂತ ತುಸು ಹೆಚ್ಚು ಅಗಲ, 250 ಕೆ.ಜಿ. ಆಸುಪಾಸಿನ ತೂಕದ್ದು. ಅದರಲ್ಲಿ 10 ಅಡ್ಡಹಲಗೆಗಳು, ಒಂದೊಂದರ ಮೇಲೆ ಇಬ್ಬಿಬ್ಬರು, ಎಡಗಡೆಯವರಿಗೆ ಎಡಗಡೆಯ ನೀರು, ಬಲಗಡೆಯವರಿಗೆ ಬಲಗಡೆಯದು. ಹುಟ್ಟನ್ನು ದೋಣಿಯ ಅಂಚಿಗೆ ಕಟ್ಟಿರುವುದಿಲ್ಲ, ಕುಳಿತ ಹಲಗೆ ಹಿಂದೆ ಮುಂದೆ ಜಾರುವುದಿಲ್ಲ. ತೊಡೆಯನ್ನು ದೋಣಿಯ ಗೋಡೆಗೆ ಒತ್ತಿ, ಸೊಂಟದಿಂದ ಮೇಲಿನ ಮೈಯನ್ನು ತಿರುಚಿ, ಆದಷ್ಟು ಮುಂದಕ್ಕೆ ಚಾಚಿ ನೀರನ್ನು ಹಿಡಿಯಬೇಕು. ಹಿಂಬದಿಯಲ್ಲಿ ಉದ್ದನೆಯ ಚುಕ್ಕಾಣಿ ಹಿಡಿದು ಒಬ್ಬರು ನಿಂತಿರುತ್ತಾರೆ, ಮುಂಬದಿಯಲ್ಲಿ ನಗಾರಿಯವರು ಇರುತ್ತಾರೆ. ಒಟ್ಟು 22 ಜನ. ಇವರಲ್ಲಿ ನಗಾರಿಯವರೊಬ್ಬರೇ ದೋಣಿ ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕುಳಿತವರು. ಅವರ ಕಣ್ಣು ಇರುವುದು ಮೊದಲ ಹಲಗೆಯ ಇಬ್ಬರ ಮೇಲೆ. ಆ ಇಬ್ಬರ ಹುಟ್ಟು ನೀರಿಗೆ ಬೀಳುವ ಗಳಿಗೆಗೆ ಸರಿಯಾಗಿ ಅವರು ನಗಾರಿಗೆ ಪೆಟ್ಟು ಕೊಡುತ್ತಾರೆ. ಎಂದರೆ ತಾಳ ಹುಟ್ಟುವುದು ಮೊದಲ ಹಲಗೆಯಲ್ಲಿ. ನಗಾರಿ ಅದನ್ನು ಊರಿಗೆಲ್ಲ ಸಾರಿ ಹೇಳುತ್ತದೆ, ಅಷ್ಟೆ.

ಉತ್ತಮ ರಾಷ್ಟ್ರೀಯ ತಂಡವೊಂದು 500 ಮೀಟರನ್ನು ಹೆಚ್ಚುಕಡಿಮೆ 110 ಸೆಕೆಂಡುಗಳಲ್ಲಿ ಮುಗಿಸುತ್ತದೆ ಎಂದಿಟ್ಟುಕೊಂಡರೆ, ದೋಣಿ ಸೆಕೆಂಡಿಗೆ ನಾಲ್ಕೂವರೆ ಮೀಟರ್ ಓಡುತ್ತಿರುತ್ತದೆ. ಕಿವಿಗೆ ಬಿದ್ದ ಸದ್ದಿಗೆ ಕೈ ಸ್ಪಂದಿಸಲು ಸೆಕೆಂಡಿನ ಐದನೆಯ ಒಂದು ಭಾಗದಷ್ಟಾದರೂ ಹೊತ್ತು ಬೇಕು. ಅಷ್ಟರಲ್ಲಿ ದೋಣಿ ಸುಮಾರು 90 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಆದ್ದರಿಂದ ಪೆಟ್ಟನ್ನು ಕೇಳಿದ ಮೇಲೆ ಹುಟ್ಟು ಇಳಿಸುವವನು ಯಾವಾಗಲೂ ತಡವಾಗಿಯೇ ಇಳಿಸುತ್ತಾನೆ, ಮತ್ತು ತಡವಾಗಿ ಇಳಿದ ಹುಟ್ಟು ಸುಮ್ಮನೆ ವ್ಯರ್ಥವಾಗುವುದಿಲ್ಲ, ಉಳಿದವರು ಎಬ್ಬಿಸಿದ ವೇಗಕ್ಕೆ ಅಡ್ಡಗಾಲು ಹಾಕುತ್ತದೆ. ಮುಂದಿನ ಪೆಟ್ಟು ಎಲ್ಲಿ ಬೀಳಲಿದೆ ಎಂಬುದನ್ನು ಎದುರಿನವರ ಬೆನ್ನಿನ ತಿರುವಿನಲ್ಲೇ ಮೊದಲಾಗಿ ಓದಿಕೊಳ್ಳಬೇಕು. ಎರಡನೆಯ ಹಲಗೆಯವರು ಮೊದಲನೆಯವರನ್ನು, ಮೂರನೆಯವರು ಓರೆಯಾಗಿ ಅವರಿಬ್ಬರ ಮೇಲುಗೈಯನ್ನು ನೋಡುತ್ತ ಹೋದರೆ, ಹತ್ತನೆಯ ಹಲಗೆಯವರೆಗೂ ಒಂದೇ ಉಸಿರು ಹರಿಯುತ್ತದೆ. ಒಬ್ಬರು ತಪ್ಪಿದರೆ ಹಿಂದಿನವರೆಲ್ಲ ಸಾಲಾಗಿ ತಪ್ಪುತ್ತಾರೆ. ನನ್ನ ಮೊದಲ ತಿಂಗಳು ನಾನೇ ಆ ಒಬ್ಬನಾಗಿದ್ದೆ. ನನ್ನ ಹುಟ್ಟು ಹಿಂದಿನವರ ಹುಟ್ಟಿಗೆ ತಾಗಿ ಟಕ್ಕೆಂದು ಸದ್ದಾದಾಗಲೆಲ್ಲ ಯಾರೂ ಏನೂ ಅನ್ನುತ್ತಿರಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಇದು ನನಗೆ ತೀರ ಹೊಸದಾಗಿ ಕಾಣಬೇಕಿರಲಿಲ್ಲ. ಹೊನ್ನಾವರದ ಕಡೆ ಶರಾವತಿಯ ದಂಡೆಯಲ್ಲಿ ಬೆಳೆದವನು ನಾನು. ಕಡಲ ತೀರದಲ್ಲಿ ರಂಪಣಿ ಬಲೆ ಎಳೆಯುವಾಗ ಎದ್ದುಬರುವ 'ಐಲೇಸಾ' ಎಂಬ ಕೂಗು ಬಲೆ ಹಿಡಿದವರ ನಡುವಿನಿಂದಲೇ ಏಳುತ್ತದೆ, ದಡದಲ್ಲಿ ನಿಂತವರು ಯಾರೂ ಅದನ್ನು ಎತ್ತಿಕೊಡುವುದಿಲ್ಲ. ತೇರು ಎಳೆಯುವಾಗಲೂ ಅಷ್ಟೆ. ವಾದ್ಯದವರು ಎಷ್ಟೇ ಜೋರಾಗಿ ಬಾರಿಸಲಿ, ಹಗ್ಗದ ಮುಂತುದಿ ಹಿಡಿದವರ ಮೈ ಬಾಗುವುದನ್ನು ಕಂಡ ಮೇಲೆಯೇ ಹಿಂದಿನವರ ಮೈ ಬಾಗುತ್ತದೆ, ನಿಂತ ಗಾಲಿ ಆ ಮೊದಲ ಜಗ್ಗಿಗೆ ಕಿರುಗುಟ್ಟಿ ಅಲುಗುತ್ತದೆ. ಡ್ರ್ಯಾಗನ್ ದೋಣಿಯ ಆರಂಭ ನನಗೆ ಆ ತೇರಿನ ಮೊದಲ ಜಗ್ಗನ್ನೇ ನೆನಪಿಸಿತು. ದೋಣಿಯ ತೂಕವನ್ನೂ ಜನರ ತೂಕವನ್ನೂ ಸೇರಿಸಿದರೆ ನೀರಿನ ಮೇಲೆ ನಿಶ್ಚಲವಾಗಿ ನಿಂತಿರುವುದು ಎರಡು ಟನ್ನಿನಷ್ಟು ಭಾರ. ಹಾರ್ನ್ ಮೊಳಗಿದ ಕೂಡಲೇ ಅದನ್ನು ಕದಲಿಸಲು ಐದಾರು ಆಳವಾದ, ನಿಧಾನವಾದ, ಹಲ್ಲುಕಚ್ಚಿ ಎಳೆಯುವ ಹುಟ್ಟುಗಳು ಬೇಕು. ಮೂತಿ ನೀರಿನಿಂದ ತುಸು ಮೇಲೆದ್ದ ಮೇಲಷ್ಟೇ ಚಿಕ್ಕ, ಚುರುಕಾದ ಹುಟ್ಟುಗಳಿಗೆ ಹೊರಳಬಹುದು. ಆತುರಪಟ್ಟು ಮೊದಲೇ ಚುರುಕಾದರೆ ನೀರು ನೊರೆಯಾಗುತ್ತದೆ, ದೋಣಿ ಅಲ್ಲೇ ಇರುತ್ತದೆ.

ಒಗ್ಗಟ್ಟಿನಲ್ಲಿ ಬಲವಿದೆ ಎಂದು ಶಾಲೆಯ ಗೋಡೆಯ ಮೇಲೆ ಬರೆಸಿರುತ್ತಾರಲ್ಲ, ಆ ಮಾತಿನ ಬಗ್ಗೆ ನನಗೆ ಈಗ ಸ್ವಲ್ಪ ತಕರಾರಿದೆ. ಬಲಶಾಲಿಗಳಾದ 20 ಜನ ತಂತಮ್ಮ ಶಕ್ತಿಯನ್ನೆಲ್ಲ ಸುರಿದರೂ ಕಾಲದಲ್ಲಿ ಒಂದಾಗದಿದ್ದರೆ, ಅವರಿಗಿಂತ ದುರ್ಬಲರಾದರೂ ಒಟ್ಟಿಗೆ ನೀರು ಹಿಡಿಯಬಲ್ಲ ಹಿರಿಯರ ದೋಣಿ ಅವರನ್ನು ಹಿಂದಿಕ್ಕಿ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಡಿದ್ದೇನೆ ಎನ್ನುವುದಕ್ಕಿಂತ, ಹಿಂದೆ ಬಿದ್ದ ದೋಣಿಯಲ್ಲೇ ಕುಳಿತಿದ್ದೆ ಎನ್ನುವುದು ಹೆಚ್ಚು ಪ್ರಾಮಾಣಿಕ.

2025ರ ಜುಲೈ ತಿಂಗಳಿನಲ್ಲಿ ಡ್ರ್ಯಾಗನ್ ದೋಣಿಯ ವಿಶ್ವ ಚಾಂಪಿಯನ್‌ಷಿಪ್ ಬರ್ಲಿನ್ನಿಗೆ ಪಶ್ಚಿಮದಲ್ಲಿರುವ ಬ್ರಾಂಡೆನ್‌ಬುರ್ಗ್ ಪಟ್ಟಣದಲ್ಲಿ, ಬೇಟ್ಸ್‌ಜೇ ಎಂಬ ಉದ್ದನೆಯ ಸರೋವರದ ಮೇಲೆ ನಡೆಯಿತು. ರೈಲಿನಲ್ಲಿ ಒಂದು ಗಂಟೆಯೂ ಹಿಡಿಯದ ಊರು, ಹೋಗದಿರಲು ಕಾರಣವಿರಲಿಲ್ಲ. ನಾನು ಮುಖ್ಯವಾಗಿ ನೋಡಬೇಕೆಂದುಕೊಂಡದ್ದು ಯೂರೋಪಿನ ತಂಡಗಳನ್ನು, ಏಕೆಂದರೆ ಚೀನಾದ ಹಬ್ಬದ ಈ ದೋಣಿ ಇಲ್ಲಿಯವರ ಕೈಗೆ ಬಂದು ಏನಾಯಿತು ಎಂಬ ಕುತೂಹಲ ನನ್ನಲ್ಲಿ ಮೊದಲಿನಿಂದಲೂ ಇತ್ತು.

ಮೂಲದ ಕತೆ ಬಹುಮಂದಿಗೆ ಗೊತ್ತಿರುವಂಥದ್ದು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಚೂ ರಾಜ್ಯದ ಮಂತ್ರಿಯೂ ಕವಿಯೂ ಆಗಿದ್ದ ಚೂ ಯುವಾನ್ ತನ್ನ ನಾಡಿನ ಪತನವನ್ನು ಸಹಿಸಲಾರದೆ ಮಿಲುವೊ ನದಿಗೆ ಹಾರಿದ. ದಂಡೆಯ ಜನ ದೋಣಿಗಳಲ್ಲಿ ಧಾವಿಸಿ ಅವನ ದೇಹಕ್ಕಾಗಿ ಹುಡುಕಿದರು, ಮೀನುಗಳು ಅದನ್ನು ಮುಟ್ಟದಿರಲೆಂದು ಅನ್ನವನ್ನು ನೀರಿಗೆ ಎಸೆದರು, ನಗಾರಿ ಬಾರಿಸಿದರು. ಚಾಂದ್ರಮಾನದ ಐದನೆಯ ತಿಂಗಳ ಐದನೆಯ ದಿನ ಇಂದಿಗೂ ಆಚರಿಸುವ ಆ ಹಬ್ಬವನ್ನು 2009ರಲ್ಲಿ ಯುನೆಸ್ಕೊ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನನ್ನ ಗಮನ ಸೆಳೆದ ಸಣ್ಣ ಸಂಗತಿಯೆಂದರೆ, ಆ ಕತೆಯಲ್ಲಿಯೂ ನಗಾರಿ ಬಾರಿಸಿದ್ದು ಮೀನುಗಳಿಗಾಗಿ. ಹುಟ್ಟು ಹಾಕುವವರಿಗೆ ತಾಳ ಕೊಡುವ ಕೆಲಸ ಅದಕ್ಕೆ ಅಲ್ಲಿಯೂ ಇರಲಿಲ್ಲ.

ಹಬ್ಬವು ಕ್ರೀಡೆಯಾದದ್ದು ಹಾಂಗ್‌ಕಾಂಗ್‌ನಲ್ಲಿ. 1976ರಲ್ಲಿ ಅಲ್ಲಿನ ಪ್ರವಾಸೋದ್ಯಮ ಸಂಸ್ಥೆ ಸ್ಥಳೀಯ ಬೆಸ್ತರ ತಂಡಗಳ ಜೊತೆಗೆ ಜಪಾನಿನ ನಾಗಸಾಕಿಯಿಂದಲೂ ಒಂದು ತಂಡವನ್ನು ಕರೆಸಿ ಅಂತರರಾಷ್ಟ್ರೀಯ ಪಂದ್ಯ ಏರ್ಪಡಿಸಿತು. ಮುಂದೆ ಆ ಊರಿನ ತೇಗದ ದೋಣಿಗಳು ಸಮುದ್ರ ದಾಟಿ ಬೇರೆ ಖಂಡಗಳ ಬಂದರುಗಳಿಗೆ ಹೋದವು, 1986ರ ವ್ಯಾಂಕೂವರ್ ವಸ್ತುಪ್ರದರ್ಶನಕ್ಕೆ ಹೋದ ದೋಣಿಗಳು ಅವುಗಳಲ್ಲಿ ಪ್ರಸಿದ್ಧ. ಯೂರೋಪಿನ ಡ್ರ್ಯಾಗನ್ ದೋಣಿ ಒಕ್ಕೂಟ 1990ರಲ್ಲಿ ಸ್ಥಾಪನೆಯಾಯಿತು, ಅಂತರರಾಷ್ಟ್ರೀಯ ಒಕ್ಕೂಟ 1991ರಲ್ಲಿ. ಮಗನಿಗಿಂತ ತಂದೆ ಒಂದು ವರ್ಷ ಚಿಕ್ಕವನು ಎಂಬಂಥ ಈ ವಂಶಾವಳಿಯೇ ಯೂರೋಪಿಗೆ ಈ ಆಟದ ಮೇಲೆ ಹುಟ್ಟಿದ ಉತ್ಸಾಹವನ್ನು ತೋರಿಸುತ್ತದೆ. ಮೊದಲ ವಿಶ್ವ ಚಾಂಪಿಯನ್‌ಷಿಪ್ 1995ರಲ್ಲಿ, ಮಿಲುವೊ ನದಿಯ ಸೀಮೆಗೇ ಸೇರಿದ ಯುಯೆಯಾಂಗ್ ನಗರದಲ್ಲಿ ನಡೆಯಿತು. ಆ ಮೇಲೆ ಅದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿಗೆ, 2005ರಲ್ಲಿ ಬರ್ಲಿನ್ನಿಗೆ, 2009ರಲ್ಲಿ ಪ್ರಾಗ್ ಕಡೆಗೆ, 2013ರಲ್ಲಿ ಹಂಗೆರಿಯ ಸೆಗೆಡ್‌ಗೆ ಬಂತು.

ಈ ಊರುಗಳಲ್ಲಿ ಒಂದು ಸಾಮ್ಯವಿದೆ. ನಾಟಿಂಗ್‌ಹ್ಯಾಮ್, ಸೆಗೆಡ್, ಝೆಕ್ ದೇಶದ ರಾಚಿಟ್ಸೆ, ಇಲ್ಲೆಲ್ಲ ದೋಣಿ ಓಡಿಸಲೆಂದೇ ಅಣಿಗೊಳಿಸಿದ, ಗೆರೆ ಎಳೆದಂತೆ ನೇರವಾದ ನೀರಿನ ಅಂಕಣಗಳಿವೆ. ಒಲಿಂಪಿಕ್ಸ್‌ನ ರೋಯಿಂಗ್ ಆಟಗಾರರನ್ನೂ, ಅಂಚಿಗೆ ಕಟ್ಟದ ಹುಟ್ಟನ್ನು ಕೈಯಲ್ಲೇ ಹಿಡಿದು ಸಣ್ಣ ದೋಣಿ ಓಡಿಸುವ ಕೆನೋಯಿಂಗ್ ಆಟಗಾರರನ್ನೂ ಬೆಳೆಸಿದ ನೀರು ಅದು. ನಮ್ಮ ಗ್ರ್ಯೂನೌ ಕೂಡ ಅಂಥದ್ದೇ, 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಕೆನೋಯಿಂಗ್ ಮೊತ್ತಮೊದಲ ಬಾರಿಗೆ ಪದಕದ ಸ್ಪರ್ಧೆಯಾದದ್ದು ಇದೇ ನೀರಿನಲ್ಲಿ. ಹಂಗೆರಿ, ಝೆಕ್, ಜರ್ಮನಿಗಳಲ್ಲಿ ಒಂದು ಮೊಣಕಾಲೂರಿ ಒಂದೇ ಬದಿಯ ಹುಟ್ಟು ಹಾಕುತ್ತ ಬೆಳೆದವರು ಬಹಳ. ಅಂಥವರು ಡ್ರ್ಯಾಗನ್ ದೋಣಿಗೆ ಬಂದಾಗ ನೀರನ್ನು ಹಿಡಿಯುವ ಕಲೆ ಅವರಿಗೆ ಮೊದಲೇ ಕರಗತವಾಗಿರುತ್ತದೆ. ಅವರು ಹೊಸದಾಗಿ ಕಲಿಯಬೇಕಾದದ್ದು ಅದಕ್ಕಿಂತ ಕಷ್ಟದ್ದು: ತನ್ನ ಹುಟ್ಟಿನ ಫಲವನ್ನು ಪ್ರತ್ಯೇಕವಾಗಿ ಕಾಣದೆ ಇರುವುದು. ಒಬ್ಬನೇ ಕುಳಿತ ದೋಣಿಯಲ್ಲಿ ಎಳೆದಷ್ಟು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಇಲ್ಲಿ ನಾನು ಎಳೆದದ್ದು ಎಷ್ಟು, ಪಕ್ಕದವರು ಎಳೆದದ್ದು ಎಷ್ಟು ಎಂದು ದೋಣಿ ಯಾರಿಗೂ ಹೇಳುವುದಿಲ್ಲ.

ಬೇಟ್ಸ್‌ಜೇ ದಡದಲ್ಲಿ ನಾನು ಅತಿ ಹೆಚ್ಚು ಹೊತ್ತು ನಿಂತು ನೋಡಿದ್ದು 2000 ಮೀಟರ್ ಓಟಗಳನ್ನು. 200 ಮೀಟರ್ ಓಟ ಮುಕ್ಕಾಲು ನಿಮಿಷದೊಳಗೆ ಮುಗಿದು ಹೋಗುತ್ತದೆ, ಕಣ್ಣು ಮಿಟುಕಿಸಿದರೆ ಹಣಾಹಣಿಯೇ ತಪ್ಪುತ್ತದೆ. ಉದ್ದದ ಓಟದಲ್ಲಿ ಹಾಗಲ್ಲ. ಅಲ್ಲಿ ದೋಣಿಗಳನ್ನು ಒಂದರ ಹಿಂದೆ ಒಂದರಂತೆ ಕೆಲವು ಸೆಕೆಂಡುಗಳ ಅಂತರದಲ್ಲಿ ಬಿಡುತ್ತಾರೆ, ಅವು ತಿರುವುಗಳನ್ನು ಸುತ್ತಿ ಬೆನ್ನಟ್ಟುತ್ತ ಸಾಗುತ್ತವೆ. ತಿರುವಿನಲ್ಲಿ ದೋಣಿಯ ಭವಿಷ್ಯವೆಲ್ಲ ಚುಕ್ಕಾಣಿ ಹಿಡಿದವರ ಎರಡು ಕಾಲುಗಳ ಮೇಲಿರುತ್ತದೆ. ಒಳಬದಿಯ ಮುಂದಿನ ಹಲಗೆಗಳವರು ಹುಟ್ಟನ್ನು ನೀರಿನಲ್ಲಿ ಊರಿ ಮೂತಿಯನ್ನು ತಮ್ಮತ್ತ ಸೆಳೆದುಕೊಳ್ಳುತ್ತಾರೆ, ಹೊರಬದಿಯವರು ಬಿಡದೆ ಎಳೆಯುತ್ತಾರೆ. ಎಂದರೆ ಇಷ್ಟು ಹೊತ್ತು ಒಂದೇ ಆಗಿದ್ದ 20 ಕೈಗಳು ಅರೆಗಳಿಗೆ ಬೇರೆ ಬೇರೆ ಕೆಲಸ ಮಾಡಿ, ತಿರುವು ಮುಗಿದೊಡನೆ ಮತ್ತೆ ಒಂದಾಗಬೇಕು. ಆ ಮತ್ತೆ ಒಂದಾಗುವ ಎರಡು ಮೂರು ಹುಟ್ಟುಗಳಲ್ಲಿ ತಂಡಗಳ ನಿಜವಾದ ಅಂತರ ಕಾಣುತ್ತದೆಂದು ನನ್ನ ಜೊತೆ ಬಂದಿದ್ದ ಗೆಳತಿ ಹೇಳಿದಳು. ಇನ್ನೊಂದು ದೋಣಿ ಹಿಂದಿನಿಂದ ಸಮೀಪಿಸಿದರೆ ಅದರ ಅಲೆಗೆ ಹುಟ್ಟು ಸಿಕ್ಕಿ ತಾಳ ಕದಡುವುದೂ ಉಂಟು. ಆಗ ನಗಾರಿಯವರು ಪೆಟ್ಟನ್ನು ಬಿಗಿಮಾಡಿ, ಹೆಸರು ಹಿಡಿದು ಕೂಗಿ, ಚದುರಿದ ಗಮನವನ್ನು ಮೊದಲ ಹಲಗೆಯತ್ತ ಮರಳಿ ತರುತ್ತಾರೆ. ನಗಾರಿಗೆ ಕೆಲಸವಿಲ್ಲ ಎಂದು ಮೇಲೆ ನಾನು ಬರೆದಂತೆ ಯಾರಿಗಾದರೂ ತೋರಿದ್ದರೆ ಅದನ್ನು ಇಲ್ಲಿ ತಿದ್ದಿಕೊಳ್ಳುತ್ತೇನೆ.

ಆ ಗೆಳತಿಗೆ 61 ವರ್ಷ. ನಿವೃತ್ತ ಶಾಲಾ ಶಿಕ್ಷಕಿ, ನಮ್ಮ ಕ್ಲಬ್ಬಿನಲ್ಲಿ ನನ್ನ ಮುಂದಿನ ಹಲಗೆಯವಳು. ಜರ್ಮನಿಯ ಕ್ರೀಡಾ ಕ್ಲಬ್ಬುಗಳಲ್ಲಿ ಎಲ್ಲರಿಗೂ ಏಕವಚನವೇ, ಹಾಗಾಗಿ ಜರ್ಮನ್ನಿನಲ್ಲಿ ಅವರನ್ನು ನಾನು ನೀನೆಂದೇ ಕರೆಯುತ್ತೇನೆ. ಕನ್ನಡದಲ್ಲಿ ಯೋಚಿಸುವಾಗ ಮಾತ್ರ ಆ ಏಕವಚನ ನಾಲಗೆಗೆ ಒಗ್ಗುವುದಿಲ್ಲ, ಈ ಎರಡು ವಾಕ್ಯಗಳ ನಡುವೆಯೇ ಅವಳು ಅವರಾದದ್ದನ್ನು ಓದುಗರು ಗಮನಿಸಿರಬಹುದು. ಅವರು ಹಿಂದೆ ದೇಶದ ಹಿರಿಯರ ತಂಡದಲ್ಲಿ ಆಡಿದವರು. ಹಿರಿಯರ ತಂಡವೆಂದರೆ ಗೌರವಕ್ಕಾಗಿ ಇಟ್ಟ ಹೆಸರಲ್ಲ. ಕಿರಿಯರು, 24ರ ಒಳಗಿನವರು, ವಯಸ್ಸಿನ ಮಿತಿಯಿಲ್ಲದ ಪ್ರೀಮಿಯರ್, 40 ದಾಟಿದವರು, 50 ದಾಟಿದವರು, 60 ದಾಟಿದವರು ಎಂದು ವಿಶ್ವ ಮಟ್ಟದಲ್ಲಿಯೇ ಪ್ರತ್ಯೇಕ ಪಂದ್ಯಗಳಿವೆ. ಅವುಗಳೊಳಗೆ ಮಹಿಳೆಯರದು, ಮಿಶ್ರ, ಮುಕ್ತ ಎಂಬ ವಿಭಾಗಗಳಿವೆ. ದೊಡ್ಡ ದೋಣಿಯ ಮಿಶ್ರ ತಂಡದಲ್ಲಿ ಹುಟ್ಟು ಹಾಕುವ 20 ಜನರಲ್ಲಿ ಕನಿಷ್ಠ 8 ಮಂದಿ ಮಹಿಳೆಯರಿರಬೇಕು. 20 ಜನರನ್ನು ಹೊಂದಿಸಲಾಗದ ಸಣ್ಣ ದೇಶಗಳಿಗೆ 10 ಜನರ ಸಣ್ಣ ದೋಣಿ ಇದೆ.

ರಾಷ್ಟ್ರೀಯ ತಂಡ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕ್ರಿಕೆಟ್ಟಿನ ನೀಲಿ ಅಂಗಿ, ಜಾಹೀರಾತು, ವಿಮಾನ ನಿಲ್ದಾಣದ ನೂಕುನುಗ್ಗಲು. ಇಲ್ಲಿ ದೇಶದ ಬಣ್ಣದ ಅಂಗಿ ತೊಟ್ಟವರು ದಾದಿಯರು, ಎಲೆಕ್ಟ್ರಿಷಿಯನ್ನರು, ಗುಮಾಸ್ತರು. ಒಲಿಂಪಿಕ್ಸ್‌ನಲ್ಲಿ ಇಲ್ಲದ ಆಟಕ್ಕೆ ಸರ್ಕಾರದ ಹಣ ಹೆಚ್ಚು ಹರಿಯುವುದಿಲ್ಲ. ಯೂರೋಪಿನ ಹಲವು ತಂಡಗಳಲ್ಲಿ ಆಟಗಾರರು ಆಯ್ಕೆಯಾದ ಮೇಲೆ ಪ್ರಯಾಣ, ವಸತಿ, ಅಂಗಿಯ ಖರ್ಚನ್ನು ಬಹುಮಟ್ಟಿಗೆ ತಾವೇ ಭರಿಸುತ್ತಾರೆ. ಗೆಳತಿ ಒಂದು ವರ್ಷ ಬೇಸಿಗೆ ರಜೆಯ ಪ್ರವಾಸವನ್ನೇ ಬಿಟ್ಟು ಆ ಹಣವನ್ನು ಇದಕ್ಕೆ ಹಾಕಿದ್ದರಂತೆ. "ದೇಶಕ್ಕಾಗಿ ಆಡಿದೆ ಅನ್ನಿಸಿತೇ?" ಎಂದು ನಾನು ಕೇಳಿದೆ. ಅವರು ಸ್ವಲ್ಪ ಯೋಚಿಸಿ, ತಮ್ಮ ಎದುರಿನ ಹಲಗೆಯಲ್ಲಿದ್ದ ಹೆಂಗಸಿನ ಬೆನ್ನು ಈಗಲೂ ಕಣ್ಣಿಗೆ ಕಟ್ಟಿದಂತಿದೆ, ಧ್ವಜ ಎಲ್ಲಿತ್ತೆಂದು ನೆನಪಿಲ್ಲ ಎಂದರು.

ದೇಶ ಎಂಬ ಪದ ಈ ಆಟದಲ್ಲಿ ಇನ್ನೊಂದು ಕಡೆಯಿಂದಲೂ ಗೋಜಲಾಗಿದೆ. ಡ್ರ್ಯಾಗನ್ ದೋಣಿಯ ಒಕ್ಕೂಟಗಳು ಒಂದೆಡೆಯಾದರೆ, 1924ರಲ್ಲಿ ಕೋಪನ್‌ಹೇಗನ್‌ನಲ್ಲಿ ಬೇರುಬಿಟ್ಟ ಅಂತರರಾಷ್ಟ್ರೀಯ ಕೆನೋ ಒಕ್ಕೂಟ ಇನ್ನೊಂದೆಡೆ. ಹುಟ್ಟಿನಿಂದ ಓಡುವ ದೋಣಿಯೆಲ್ಲ ತನ್ನದೇ ಎಂಬುದು ಅದರ ವಾದ. ಹಬ್ಬದ ಬೇರಿರುವ ಈ ದೋಣಿ ಕೆನೋಯಿಂಗ್‌ನ ಒಂದು ಉಪಶಾಖೆಯಲ್ಲ, ಸ್ವತಂತ್ರ ಕ್ರೀಡೆ ಎಂಬುದು ಇವರ ವಾದ. ಎರಡೂ ಕಡೆಯವರು ತಂತಮ್ಮ ವಿಶ್ವ ಚಾಂಪಿಯನ್‌ಷಿಪ್ ನಡೆಸುತ್ತಾರೆ, ಎರಡೂ ಕಡೆ ಯೂರೋಪಿನ ಚಾಂಪಿಯನ್‌ಷಿಪ್ ಇದೆ. ಜರ್ಮನಿಯಲ್ಲೇ ಡ್ರ್ಯಾಗನ್ ದೋಣಿಯ ಸಂಘ ಬೇರೆ, ಕೆನೋ ಸಂಘ ಬೇರೆ, ಹೀಗಾಗಿ ಒಂದೇ ದೇಶಕ್ಕೆ ಎರಡು ರಾಷ್ಟ್ರೀಯ ತಂಡಗಳು. ಯೂರೋಪಿನ ಚಾಂಪಿಯನ್ ಯಾರು ಎಂದು ಕೇಳಿದರೆ, ಯಾವ ಯೂರೋಪು ಎಂದು ಮರುಪ್ರಶ್ನೆ ಹಾಕಬೇಕಾದ ಸ್ಥಿತಿ. ನನ್ನ ಮಟ್ಟಿಗೆ ಹೇಳುವುದಾದರೆ, ಹಬ್ಬವನ್ನು ಆಟವಾಗಿ ಕಟ್ಟಿದವರ ಕಡೆಗೇ ನನ್ನ ಒಲವು. ಆದರೆ ಒಲಿಂಪಿಕ್ಸ್‌ನ ಬಾಗಿಲ ಬಳಿ ಪರಿಚಯವಿರುವುದು ಕೆನೋ ಒಕ್ಕೂಟಕ್ಕೆ ಎಂಬುದೂ ಸುಳ್ಳಲ್ಲ. ಇದಕ್ಕೆ ವಿರುದ್ಧವಾದ ಚಿತ್ರವೊಂದು ಏಷ್ಯಾದಿಂದ ಬಂದಿತ್ತು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಉತ್ತರ ಮತ್ತು ದಕ್ಷಿಣ ಕೊರಿಯಾದ ಮಹಿಳೆಯರು ಒಂದೇ ದೋಣಿಯಲ್ಲಿ ಕುಳಿತು 500 ಮೀಟರ್ ಓಟದ ಚಿನ್ನ ಗೆದ್ದರು. ಅಲ್ಲಿ ಎರಡು ದೇಶಗಳಿಗೆ ಒಂದು ದೋಣಿ, ಇಲ್ಲಿ ಒಂದು ದೇಶಕ್ಕೆ ಎರಡು.

ಯೂರೋಪಿನ ಈ ಆಟದ ಬಗ್ಗೆ ಬರೆಯುವಾಗ ಗುಲಾಬಿ ಅಂಗಿಯ ತಂಡಗಳನ್ನು ಬಿಡುವಂತಿಲ್ಲ. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾದವರು ತೋಳಿಗೆ ಶ್ರಮ ಕೊಡಬಾರದು, ಕೊಟ್ಟರೆ ಕೈ ಊದಿಕೊಳ್ಳುತ್ತದೆ ಎಂಬ ವೈದ್ಯಕೀಯ ನಂಬಿಕೆಯನ್ನು ಪರೀಕ್ಷಿಸಲು ವ್ಯಾಂಕೂವರಿನ ಕ್ರೀಡಾವೈದ್ಯ ಡಾನ್ ಮೆಕೆಂಜಿ 1996ರಲ್ಲಿ ಅಂಥ 24 ಮಹಿಳೆಯರಿಗೆ ಡ್ರ್ಯಾಗನ್ ದೋಣಿ ಕಲಿಸಿದರು. ಯಾರ ಕೈಯೂ ಊದಲಿಲ್ಲ. ಆ ಪ್ರಯೋಗ ಜಗತ್ತಿನಾದ್ಯಂತ ಹಬ್ಬಿ, 2018ರಲ್ಲಿ ಅಂಥ ಮಹಿಳೆಯರ ಅಂತರರಾಷ್ಟ್ರೀಯ ಉತ್ಸವ ಇಟಲಿಯ ಫ್ಲಾರೆನ್ಸಿನಲ್ಲಿ, ಆರ್ನೋ ನದಿಯ ಮೇಲೆ ನಡೆಯಿತು. ಪಂದ್ಯಗಳೆಲ್ಲ ಮುಗಿದ ಮೇಲೆ ಅವರ ದೋಣಿಗಳು ಪಕ್ಕಪಕ್ಕ ಸೇರಿ ನಿಲ್ಲುತ್ತವೆ, ಗತಿಸಿದ ಜೊತೆಗಾರ್ತಿಯರ ನೆನಪಿಗೆ ಹೂಗಳನ್ನು ನೀರಿಗೆ ಎಸೆಯುತ್ತಾರೆ. ಆ ಹೊತ್ತಿನಲ್ಲಿ ನಗಾರಿ ಬಾರಿಸುವುದಿಲ್ಲ.

ಬ್ರಾಂಡೆನ್‌ಬುರ್ಗಿನಲ್ಲಿ ನಾನು ಹಿಂತಿರುಗುವ ರೈಲಿಗೆ ಇನ್ನೂ ಹೊತ್ತಿತ್ತು. ಪಂದ್ಯದ ದೋಣಿಗಳಿಗೆ ಡ್ರ್ಯಾಗನ್ನಿನ ತಲೆಯನ್ನೂ ಬಾಲವನ್ನೂ ಬೇರೆಯಾಗಿ ಸಿಕ್ಕಿಸಿರುತ್ತಾರೆ. ಅವು ಬಣ್ಣ ಬಳಿದ ಹಗುರ ಆಕೃತಿಗಳು, ಹಬ್ಬದ ಸಂಪ್ರದಾಯದಂತೆ ಆ ತಲೆಯ ಕಣ್ಣಿಗೆ ಬಣ್ಣದ ಚುಕ್ಕೆ ಇಟ್ಟು ಅದನ್ನು ಎಚ್ಚರಗೊಳಿಸುವ ಪದ್ಧತಿ ಈಗಲೂ ಇದೆ. ಕಟ್ಟೆಯ ಬಳಿ ಕಟ್ಟಿದ್ದ ದೋಣಿಗಳು ಅಲೆಗೆ ಒಂದಕ್ಕೊಂದು ತಾಗುತ್ತ ತಲೆಯಾಡಿಸುತ್ತಿದ್ದವು. ಗೆಳತಿ ಒಂದರ ಮುಂದೆ ನಿಂತು, ಮುಂದಿನ ಶನಿವಾರ ಬೆಳಿಗ್ಗೆ ಎಂಟಕ್ಕೆ ತಪ್ಪದೆ ಬಾ, ನಮ್ಮ ಎಡಗಡೆಗೆ ಇಬ್ಬರು ಕಡಿಮೆ ಇದ್ದಾರೆ ಎಂದರು.

ಶನಿವಾರ ಹೋದೆ. ಡಾಮೆಯ ಮೇಲೆ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ನಮ್ಮ ದೋಣಿಗೆ ಎಂದಿನಂತೆ ತಲೆಯಿಲ್ಲ, ಬಾಲವಿಲ್ಲ, ನಗಾರಿಯನ್ನು ಕ್ಲಬ್ಬಿನ ಉಗ್ರಾಣದ ಮೇಲಿನ ಅಟ್ಟದಲ್ಲಿ ಟಾರ್ಪಾಲು ಹೊದಿಸಿ ಇಟ್ಟಿದ್ದಾರೆ. ತರಬೇತುದಾರ ಚುಕ್ಕಾಣಿ ಹಿಡಿದು ಹಿಂದೆ ನಿಂತ. ನಾನು ಐದನೆಯ ಹಲಗೆಯಲ್ಲಿ ಎಡಕ್ಕೆ ಕುಳಿತು, ತೊಡೆಯನ್ನು ದೋಣಿಯ ಗೋಡೆಗೆ ಒತ್ತಿ, ಹುಟ್ಟನ್ನು ಮುಂದಕ್ಕೆ ಚಾಚಿ, ನಾಲ್ಕನೆಯ ಹಲಗೆಯವರ ಭುಜ ನೋಡಿದೆ.